ಕೇಳುವುದು, ಕಳಿಸುವುದು, ನಡುವಿನ ಸ್ವಿಚ್: ಎಸ್‌ಡಿಆರ್‌ನಲ್ಲಿ ಅದನ್ನು ಯಾರ ಕೈಗೆ ಒಪ್ಪಿಸಬೇಕು?

ಬಳ್ಳಾರಿಯಲ್ಲಿ ಎಸ್‌ಡಿಆರ್ (ಹೆಚ್ಚಿನ ಕೆಲಸ ತಂತ್ರಾಂಶದಲ್ಲೇ ನಡೆಯುವ ರೇಡಿಯೊ ಬೋರ್ಡು) ಕೊಳ್ಳಲು ಹೊರಟವರು, ಎಂಜಿನಿಯರಿಂಗ್ ವಿದ್ಯಾರ್ಥಿಗಳಿರಲಿ, ಹೊಸದಾಗಿ ಕಾಲ್‌ಸೈನ್ ಬಂದ ಹ್ಯಾಮ್‌ಗಳಿರಲಿ (ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊದವರು), ಮೊದಲು ಕೇಳುವುದು ಒಂದೇ ಪ್ರಶ್ನೆ: "ಸರ್, ಹ್ಯಾಕ್‌ಆರ್‌ಎಫ್ ತಗೊಳ್ಳೋದಾ, ಪ್ಲೂಟೊ ತಗೊಳ್ಳೋದಾ?" ಯಾವ ಫ್ರೀಕ್ವೆನ್ಸಿಯಿಂದ ಯಾವುದರವರೆಗೆ, ಎಷ್ಟು ಬಿಟ್, ಎಷ್ಟು ರೂಪಾಯಿ ಎಂಬ ಲೆಕ್ಕವನ್ನೆಲ್ಲ ಮಾಡಿಕೊಂಡೇ ಬಂದಿರುತ್ತಾರೆ. ಕೇಳುತ್ತಿದ್ದ ಪೆಟ್ಟಿಗೆ ಕಳಿಸುವ ಕಡೆಗೆ ಹೊರಳಲು ಎಷ್ಟು ಹೊತ್ತು ಬೇಕು, ಹೊರಳು ಎಂದು ಅದಕ್ಕೆ ಹೇಳುವವರು ಯಾರು ಎಂಬುದು ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ. ನನ್ನ ಪ್ರಕಾರ ಬೋರ್ಡು ಆರಿಸುವ ಮೊದಲು ತೀರ್ಮಾನವಾಗಬೇಕಾದ್ದು ಇದೇ. ಸ್ವಿಚ್ಚಿನ ಗಡಿಯಾರ ಕಂಪ್ಯೂಟರಿನಲ್ಲಿರಬೇಕೋ, ಬೋರ್ಡಿನೊಳಗೋ, ಹೊರಗೆ ಕಟ್ಟಿದ ಚಿಕ್ಕ ಸರ್ಕ್ಯೂಟಿನಲ್ಲೋ ಎಂದು ಗೊತ್ತಾದರೆ ಬೋರ್ಡು ತಾನಾಗಿ ಆಯ್ಕೆಯಾಗುತ್ತದೆ.

ಕೇಳುವುದಕ್ಕಷ್ಟೇ ಆರ್‌ಟಿಎಲ್-ಎಸ್‌ಡಿಆರ್ ಇಟ್ಟುಕೊಂಡವರಿಗೆ ಈ ತಲೆನೋವು ಇಲ್ಲ. ಆದರೂ ಅದನ್ನು ಮೂಲೆಗೆ ಎಸೆಯಬೇಡಿ, ಕೊನೆಯಲ್ಲಿ ಅಳತೆಗೆ ಬೇಕಾಗುತ್ತದೆ.

ಸಮಯ ಎಲ್ಲಿ ಸೋರುತ್ತದೆ

ಹಳೆಯ ಕಾಲದ ಸೆಟ್ಟಿನಲ್ಲಿ ಪಿಟಿಟಿ (ಕಳಿಸಲು ಒತ್ತುವ ಗುಂಡಿ) ಒತ್ತಿದರೆ ರಿಲೇ (ವಿದ್ಯುತ್ತಿನಿಂದ ಹೊರಳುವ ಸ್ವಿಚ್ಚು) ಎಳೆಯುತ್ತಿತ್ತು, ಅಲ್ಲಿಗೆ ಮುಗಿಯಿತು. ಎಸ್‌ಡಿಆರ್‌ನಲ್ಲಿ ನಿಮ್ಮ ಪ್ರೋಗ್ರಾಂ "ಕಳಿಸಿದೆ" ಎಂದುಕೊಂಡ ಕ್ಷಣಕ್ಕೂ ಆಂಟೆನಾದಿಂದ ತರಂಗ ಹೊರಟ ಕ್ಷಣಕ್ಕೂ ನಡುವೆ ಬಫರುಗಳ, ಅಂದರೆ ಡೇಟಾ ಸರದಿ ಕಾಯುವ ಜಾಗಗಳ, ಸಾಲೇ ಇದೆ. ಹ್ಯಾಕ್‌ಆರ್‌ಎಫ್‌ನ ಲೈಬ್ರರಿ ಯುಎಸ್‌ಬಿ ಮೂಲಕ ಒಂದು ಸಲಕ್ಕೆ 2,62,144 ಬೈಟ್ ಸಾಗಿಸುತ್ತದೆ. ಒಂದು ಸ್ಯಾಂಪಲ್‌ಗೆ (ತರಂಗದ ಒಂದು ಕ್ಷಣದ ಅಳತೆ) ಎರಡು ಬೈಟ್, ಅಂದರೆ 1,31,072 ಸ್ಯಾಂಪಲ್. ಸೆಕೆಂಡಿಗೆ 20 ಲಕ್ಷ ಸ್ಯಾಂಪಲ್ ವೇಗದಲ್ಲಿ ಈ ಒಂದು ಕಂತಿಗೇ 65 ಮಿಲಿಸೆಕೆಂಡ್ ಆಯಿತು. ಇಂಥ ನಾಲ್ಕು ಕಂತು ಒಟ್ಟಿಗೆ ಸಾಲಿನಲ್ಲಿ ನಿಂತಿರುತ್ತವೆ, ಅಲ್ಲಿಗೆ ಕಾಲು ಸೆಕೆಂಡ್ ದಾಟಿತು. ಅದೇ ಬೋರ್ಡನ್ನು ಸೆಕೆಂಡಿಗೆ 2 ಕೋಟಿ ಸ್ಯಾಂಪಲ್‌ಗೆ ಓಡಿಸಿದರೆ ಒಂದು ಕಂತು ಆರೂವರೆ ಮಿಲಿಸೆಕೆಂಡಿನಲ್ಲಿ ಕರಗುತ್ತದೆ. ಸಣ್ಣ ಬ್ಯಾಂಡ್‌ವಿಡ್ತ್ ಸಾಕು ಎಂದು ಸ್ಯಾಂಪಲ್ ದರ ಇಳಿಸಿದಷ್ಟೂ ಸ್ವಿಚಿಂಗ್ ಮಂದವಾಗುತ್ತದೆ. ಇದು ಹೊಸಬರ ನಿರೀಕ್ಷೆಗೆ ಪೂರ್ತಿ ಉಲ್ಟಾ.

ಆ ಸಾಲಿನ ಮೇಲೆ ಎಸ್‌ಡಿಆರ್ ತಂತ್ರಾಂಶವಾದ ಗ್ನೂ ರೇಡಿಯೊದ ಪ್ರತಿ ಬ್ಲಾಕಿನ ನಡುವೆಯೂ ತನ್ನದೇ ಬಫರು. ಧ್ವನಿ ಬದಿಯಲ್ಲಿ 48 ಕಿಲೋಹರ್ಟ್ಸ್ ದರದಲ್ಲಿ 8192 ಸ್ಯಾಂಪಲ್ ನಿಂತುಬಿಟ್ಟರೆ 170 ಮಿಲಿಸೆಕೆಂಡ್ ಹೋಯಿತು.

ಇನ್ನು ರಿಲೇ. ಬೋರ್ಡಿನ ಮೇಲೆ ಕೂರುವ ಚಿಕ್ಕ ಸಿಗ್ನಲ್ ರಿಲೇ 3ರಿಂದ 7 ಮಿಲಿಸೆಕೆಂಡಿನಲ್ಲಿ ಎಳೆಯುತ್ತದೆ, ದಪ್ಪ ಪವರ್ ರಿಲೇ 10–15 ತಿನ್ನುತ್ತದೆ, ಕೊಯಾಕ್ಸಿಯಲ್ ರಿಲೇಯೂ ಹೆಚ್ಚುಕಡಿಮೆ ಅಷ್ಟೇ. ಎಳೆದ ಮೇಲೆ ಸಂಪರ್ಕ ಒಂದೆರಡು ಮಿಲಿಸೆಕೆಂಡ್ ಪುಟಿಯುತ್ತದೆ. ಪಿನ್ ಡಯೋಡ್ ಸ್ವಿಚ್ಚಾದರೆ ಮೈಕ್ರೊಸೆಕೆಂಡುಗಳ ಮಾತು. ಕಾಯಿಲ್‌ಗೆ ಅಡ್ಡಲಾಗಿ ನಾವೆಲ್ಲ ಹಾಕುವ 1ಎನ್4007 ಡಯೋಡ್ ಟ್ರಾನ್ಸಿಸ್ಟರನ್ನು ಉಳಿಸುತ್ತದೆ ನಿಜ, ಆದರೆ ಕಾಯಿಲ್‌ನ ಕರೆಂಟ್ ನಿಧಾನವಾಗಿ ಇಳಿಯುವಂತೆ ಮಾಡಿ ರಿಲೇ ಬಿಡುವುದನ್ನು ತಡಮಾಡುತ್ತದೆ. ಡಯೋಡಿಗೆ ಸರಣಿಯಲ್ಲಿ ಒಂದು ಜೀನರ್ ಸೇರಿಸಿದರೆ ಬೇಗ ಬಿಡುತ್ತದೆ. ಹಾಗೆ ಮಾಡುವಾಗ ಟ್ರಾನ್ಸಿಸ್ಟರ್ ಆ ಹೆಚ್ಚಿನ ವೋಲ್ಟೇಜನ್ನು ತಾಳಬೇಕು.

ಇಷ್ಟೆಲ್ಲ ಕೂಡಿಸಿದ ಮೊತ್ತ ದೊಡ್ಡದಿದ್ದರೂ ಚಿಂತೆಯಿಲ್ಲ, ಪ್ರತಿ ಸಲವೂ ಒಂದೇ ಇದ್ದರೆ ಸಾಕು. ಪ್ರತಿ ಬಾರಿಯೂ 200 ಮಿಲಿಸೆಕೆಂಡ್ ತಡವಾದರೆ 200 ಮೊದಲೇ ಹೊರಟರಾಯಿತು. ಒಮ್ಮೆ 40, ಇನ್ನೊಮ್ಮೆ 190, ಆಂಟಿವೈರಸ್ ಎದ್ದಾಗ 400 ಎಂದಾದರೆ ಯಾವ ಸೆಟ್ಟಿಂಗೂ ಕೈಹಿಡಿಯುವುದಿಲ್ಲ. ಆಯ್ಕೆಗಳನ್ನು ತೂಗುವಾಗ ವೇಗಕ್ಕಿಂತ ಈ ಏರಿಳಿತಕ್ಕೇ ನಾನು ಹೆಚ್ಚು ಅಂಕ ಕಳೆಯುತ್ತೇನೆ.

ನಿಮ್ಮ ಕೆಲಸಕ್ಕೆ ಎಷ್ಟು ಚುರುಕು ಬೇಕು

ಹ್ಯಾಮ್‌ಗಳು ಕಂಪ್ಯೂಟರಿನಿಂದ ಚಿಕ್ಕ ಸಂದೇಶ ಕಳಿಸುವ ಎಫ್‌ಟಿ8ಗೆ ಏನೂ ಅವಸರವಿಲ್ಲ. 15 ಸೆಕೆಂಡಿನ ಸರದಿಯಲ್ಲಿ ಕಳಿಸುವುದು 12.64 ಸೆಕೆಂಡ್, ಉಳಿದದ್ದೆಲ್ಲ ಬಿಡುವು. ಅರ್ಧ ಸೆಕೆಂಡ್ ಆಚೀಚೆಯಾದರೂ ಎದುರಿನವರಿಗೆ ಡಿಕೋಡ್ ಆಗುತ್ತದೆ. ಎಸ್‌ಎಸ್‌ಬಿ (ಹ್ಯಾಮ್‌ಗಳು ಧ್ವನಿ ಕಳಿಸುವ ಒಂದು ವಿಧಾನ) ಮಾತುಕತೆಯಲ್ಲೂ ಕಾಲು ಸೆಕೆಂಡ್ ತಡೆದುಕೊಳ್ಳಬಹುದು, ಮೊದಲ ಅಕ್ಷರ ನುಂಗಿಹೋಗುತ್ತದೆ ಅಷ್ಟೇ. "ಹಲೋ" ಹೇಳಿದ್ದು "ಲೋ" ಎಂದು ಕೇಳಿಸಿ ನಮ್ಮೂರಲ್ಲಿ ಅದು ಬೇರೆಯೇ ಅರ್ಥ ಕೊಡುತ್ತದೆ ಎಂಬುದು ಇನ್ನೊಂದು ಮಾತು.

ಮೋರ್ಸ್‌ಗೆ ಬಂದರೆ ಆಟ ಬದಲಾಗುತ್ತದೆ. ನಿಮಿಷಕ್ಕೆ 20 ಪದದ ವೇಗದಲ್ಲಿ ಒಂದು ಡಿಟ್ 60 ಮಿಲಿಸೆಕೆಂಡ್, ಡಿಟ್‌ಗಳ ನಡುವಿನ ಮೌನವೂ ಅಷ್ಟೇ. ಆ ಮೌನದಲ್ಲಿ ಎದುರಿನವರನ್ನು ಕೇಳಿಸಿಕೊಳ್ಳಬೇಕು ಎಂದರೆ ಹೋಗಿ ಬರುವ ಎರಡೂ ಹೊರಳು ಸೇರಿ 20 ಮಿಲಿಸೆಕೆಂಡ್ ಮೀರಬಾರದು. ಕಂಪ್ಯೂಟರ್ ಕೈಗೆ ಕೊಟ್ಟ ಸ್ವಿಚ್ಚು ಇಲ್ಲಿಗೇ ನಿಲ್ಲುತ್ತದೆ.

ಸೆನ್ಸರುಗಳ ರೇಡಿಯೊ ಜಾಲವಾದ ಲೋರಾವಾನ್‌ನ ನೋಡ್ ಒಂದು ಸಂದೇಶ ಕಳಿಸಿ ಸರಿಯಾಗಿ 1 ಸೆಕೆಂಡಿಗೆ ಮೊದಲ ಕಿವಿ ತೆರೆಯುತ್ತದೆ, 2 ಸೆಕೆಂಡಿಗೆ ಎರಡನೆಯದು. ಗೇಟ್‌ವೇ ಉತ್ತರಿಸಬೇಕಾದ್ದು ಅದೇ ಕ್ಷಣಕ್ಕೆ, ಮಾನದಂಡ ಕೊಡುವ ಸಲಿಗೆ 20 ಮೈಕ್ರೊಸೆಕೆಂಡ್. ಕಾಯಲು ಪೂರ್ತಿ ಒಂದು ಸೆಕೆಂಡ್ ಇದೆ, ಆದರೆ ತಪ್ಪಲು ಕೂದಲೆಳೆಯಷ್ಟೂ ಜಾಗವಿಲ್ಲ. ಇಂಥ ಕಡೆ ವೇಗದ ಕಂಪ್ಯೂಟರ್ ಕೊಂಡು ಪ್ರಯೋಜನವಿಲ್ಲ, ಸ್ಯಾಂಪಲ್‌ಗೆ ಟೈಮ್‌ಸ್ಟ್ಯಾಂಪ್ ಅಂಟಿಸಬಲ್ಲ ಬೋರ್ಡು ಬೇಕು.

ಬ್ಲೂಟೂತ್ ಲೋ ಎನರ್ಜಿಯಲ್ಲಿ ಎರಡು ಪ್ಯಾಕೆಟ್ ನಡುವೆ 150 ಮೈಕ್ರೊಸೆಕೆಂಡ್, 2.4 ಗಿಗಾಹರ್ಟ್ಸ್ ವೈಫೈಯಲ್ಲಿ ಅಕ್ನಾಲೆಜ್‌ಮೆಂಟ್‌ಗೆ 10 ಮೈಕ್ರೊಸೆಕೆಂಡ್. ಯುಎಸ್‌ಬಿಯ ಮೇಲೆ ಕುಳಿತ ಯಾವ ಪ್ರೋಗ್ರಾಮೂ ಇದನ್ನು ಮಾಡಲಾರದು. ಲಾಜಿಕ್ ಬೋರ್ಡಿನ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಮಗೆ ಬೇಕಾದಂತೆ ಹೊಂದಿಸಬಹುದಾದ ಚಿಪ್ಪು) ಒಳಗೇ ಇರಬೇಕು. ಓಪನ್‌ವೈಫೈ ಯೋಜನೆ ಮಾಡಿರುವುದೂ ಅದನ್ನೇ. ಅಂತಿಮ ವರ್ಷದ ಪ್ರಾಜೆಕ್ಟಿಗೆ "ಎಸ್‌ಡಿಆರ್‌ನಲ್ಲಿ ವೈಫೈ" ಎಂದು ಹೆಸರು ಕೊಡುವ ಮೊದಲು ಈ 10ನ್ನು ಗೋಡೆಯ ಮೇಲೆ ಬರೆದುಕೊಳ್ಳಿ.

ನಮ್ಮ ಭಾಗಕ್ಕೆ ಹತ್ತಿರದ ಉದಾಹರಣೆ ಪ್ಯಾಕೆಟ್ ರೇಡಿಯೊ, ಅಂದರೆ ಡೇಟಾವನ್ನು ಸಣ್ಣ ಪೊಟ್ಟಣಗಳಾಗಿ ರೇಡಿಯೊದಲ್ಲಿ ಕಳಿಸುವುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗಿನಿಂದ, ಮುನಿರಾಬಾದಿನಿಂದ ಕೆಳಗೆ ಕಂಪ್ಲಿ, ಸಿರುಗುಪ್ಪ, ಮಾನ್ವಿಯ ಕಡೆಗೆ ನೀರಿನ ಮಟ್ಟದ ಸಣ್ಣ ಸಂದೇಶ ಮೊಬೈಲ್ ಟವರಿನ ಹಂಗಿಲ್ಲದೆ ಹೋಗುವಂತಿದ್ದರೆ ಹೇಗೆ ಎಂದು ನಾನು ಆಗಾಗ ಲೆಕ್ಕ ಹಾಕುತ್ತಿರುತ್ತೇನೆ. ಪ್ಯಾಕೆಟ್ ರೇಡಿಯೊ ಬಳಸುವ ಎಎಕ್ಸ್.25 ಚೌಕಟ್ಟಿಗೆ ವಿಳಾಸ, ಚೆಕ್‌ಸಮ್ (ಸಂದೇಶ ಸರಿಯಾಗಿ ಬಂತೇ ಎಂದು ತಾಳೆ ನೋಡುವ ಅಂಕಿ), ಫ್ಲ್ಯಾಗ್ ಎಲ್ಲ ಸೇರಿ 20 ಬೈಟ್, ಸಂದೇಶಕ್ಕೆ ಇನ್ನೊಂದು 20. ಸೆಕೆಂಡಿಗೆ 1200 ಬಿಟ್ ದರದಲ್ಲಿ ಈ 320 ಬಿಟ್‌ಗೆ ಸುಮಾರು 267 ಮಿಲಿಸೆಕೆಂಡ್. ಡೈರ್‌ವುಲ್ಫ್ ತಂತ್ರಾಂಶದಲ್ಲಿ ಟಿಎಕ್ಸ್‌ಡಿಲೇ (ಪಿಟಿಟಿ ಆದ ಮೇಲೆ ಸಂದೇಶ ಶುರುವಾಗುವವರೆಗಿನ ಬಿಡುವು) ಮೊದಲಿಗೇ 300 ಮಿಲಿಸೆಕೆಂಡ್ ಇರುತ್ತದೆ. ಸಂದೇಶಕ್ಕಿಂತ ಅದರ ಮುಂಚಿನ ಕಾಯುವಿಕೆಯೇ ಉದ್ದ! ಸ್ವಿಚ್ಚು ಖಚಿತವಾದರೆ ಅದನ್ನು 80ಕ್ಕೆ ಇಳಿಸಬಹುದು. ಅಲ್ಲಿಗೆ ಒಂದೇ ಚಾನೆಲ್ಲಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಚ್ಚು ಊರುಗಳಿಗೆ ಸರದಿ ಸಿಗುತ್ತದೆ.

ತಲೆ ಕತ್ತರಿಸಿದ್ದಕ್ಕಿಂತ ಬಾಲ ಕತ್ತರಿಸಿದ್ದು ಇಲ್ಲಿ ಹೆಚ್ಚು ದುಬಾರಿ. ಚೆಕ್‌ಸಮ್ ಇರುವುದು ಕೊನೆಯ ಎರಡು ಬೈಟಿನಲ್ಲಿ. ಬಫರಿನಲ್ಲಿ ಸ್ಯಾಂಪಲ್ ಇನ್ನೂ ಉಳಿದಿರುವಾಗಲೇ ಪ್ರೋಗ್ರಾಂ "ಮುಗಿಯಿತು" ಎಂದು ಪಿಟಿಟಿ ಬಿಟ್ಟರೆ, 20 ಮಿಲಿಸೆಕೆಂಡ್ ಮುಂಚೆ ಬಿಟ್ಟರೂ ಸಾಕು, ಇಡೀ ಪ್ಯಾಕೆಟ್ ಕಸ. ಕೇಳುವವರಿಗೆ ಸಿಗ್ನಲ್ ಚೆನ್ನಾಗಿ ಕೇಳಿಸುತ್ತದೆ, ಪರದೆಯ ಮೇಲೆ ಮಾತ್ರ ಒಂದಕ್ಷರವೂ ಬರುವುದಿಲ್ಲ. ಆಂಟೆನಾ ಸರಿಯಿಲ್ಲ ಎಂದು ಜನ ಮಾಳಿಗೆ ಹತ್ತುವುದು ಇಂಥ ಹೊತ್ತಿನಲ್ಲೇ.

ಕಂಪ್ಯೂಟರ್ ಕೈಗೆ ಕೊಟ್ಟರೆ

ಅತ್ಯಂತ ಅಗ್ಗದ ದಾರಿ. ಯುಎಸ್‌ಬಿ-ಸೀರಿಯಲ್ ಕೇಬಲ್ಲಿನ ಆರ್‌ಟಿಎಸ್ ಗೆರೆ, ಅಥವಾ ರಾಸ್ಪ್‌ಬೆರಿ ಪೈನ ಒಂದು ಜಿಪಿಐಒ ಪಿನ್, ಒಂದು ಟ್ರಾನ್ಸಿಸ್ಟರ್, ಒಂದು ರಿಲೇ. ನೂರಿನ್ನೂರು ರೂಪಾಯಿಯ ಸಾಮಾನು.

ಪಿನ್ ಏರಿಸುವುದು ಕಷ್ಟವೇ ಅಲ್ಲ, ಒಂದೆರಡು ಮಿಲಿಸೆಕೆಂಡಿನ ಕೆಲಸ. ಯಾವಾಗ ಏರಿಸಬೇಕು ಎಂಬುದು ಪ್ರೋಗ್ರಾಮಿಗೆ ಗೊತ್ತಾಗುವುದಿಲ್ಲ, ಕಷ್ಟ ಇರುವುದು ಅಲ್ಲಿ. ಸ್ಯಾಂಪಲ್‌ಗಳ ಸಾಲು ಒಂದು ಕಡೆ, ಪಿನ್ ಇನ್ನೊಂದು ಕಡೆ, ಎರಡಕ್ಕೂ ಸಂಬಂಧವಿಲ್ಲ. ಪೈಥಾನಿನಲ್ಲಿ ಸ್ಲೀಪ್ ಹಾಕಿ ಅಂದಾಜು ಹೊಂದಿಸುವವರು ಬಹಳ. ವಿಂಡೋಸ್‌ನ ಟೈಮರ್ ಸಾಮಾನ್ಯ ಸ್ಥಿತಿಯಲ್ಲಿ 15.6 ಮಿಲಿಸೆಕೆಂಡಿಗೊಮ್ಮೆ ಮಾತ್ರ ಬಡಿಯುತ್ತದೆ, 5 ಎಂದು ಬರೆದದ್ದು 15 ಆಗಬಹುದು. ಲಿನಕ್ಸ್ ಇದಕ್ಕಿಂತ ವಾಸಿ. ರಿಯಲ್‌ಟೈಮ್ ಪ್ಯಾಚುಗಳು 2024ರಲ್ಲಿ 6.12 ಕರ್ನೆಲ್ಲಿನ ಮುಖ್ಯ ಶಾಖೆಗೇ ಸೇರಿದ ಮೇಲೆ ಇನ್ನೂ ಸುಲಭವಾಗಿದೆ. ಆದರೆ ಕರ್ನೆಲ್ ಎಷ್ಟೇ ಚುರುಕಾದರೂ ಯುಎಸ್‌ಬಿ ಸಾಲಿನಲ್ಲಿ ನಿಂತ ಸ್ಯಾಂಪಲ್‌ಗಳು ಬೇಗ ಹೊರಡುವುದಿಲ್ಲ.

ನಮ್ಮ ಬಿಸಿಲೂ ಇದರಲ್ಲಿ ಕೈಯಾಡಿಸುತ್ತದೆ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟಿದ ಕೋಣೆಯಲ್ಲಿ ಲ್ಯಾಪ್‌ಟಾಪ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಜನವರಿಯಲ್ಲಿ ಹೊಂದಿಸಿದ ಅಂದಾಜು ಮೇನಲ್ಲಿ ಸುಳ್ಳಾಗುತ್ತದೆ.

ಹ್ಯಾಕ್‌ಆರ್‌ಎಫ್ ಇಟ್ಟುಕೊಂಡವರು ಹೆಚ್ಚುಕಡಿಮೆ ಈ ಗುಂಪಿನವರೇ. ಅದು ಹಾಫ್-ಡ್ಯೂಪ್ಲೆಕ್ಸ್: ಕೇಳು ಅಥವಾ ಕಳಿಸು, ಎರಡರಲ್ಲಿ ಒಂದು. ಗ್ನೂ ರೇಡಿಯೊದ ಒಂದೇ ಫ್ಲೋಗ್ರಾಫಿನಲ್ಲಿ ಅದೇ ಬೋರ್ಡಿಗೆ ಸೋರ್ಸ್ (ಕೇಳುವ ಬ್ಲಾಕು) ಮತ್ತು ಸಿಂಕ್ (ಕಳಿಸುವ ಬ್ಲಾಕು) ಎರಡನ್ನೂ ಇಟ್ಟು ಓಡಿಸಲು ಹೋದರೆ ನಡೆಯದು. ಮೋಡ್ ಬದಲಿಸಲು ಕಂಪ್ಯೂಟರಿನಿಂದ ಯುಎಸ್‌ಬಿ ಆಜ್ಞೆ ಹೋಗಬೇಕು, ಸ್ಟ್ರೀಮ್ ನಿಲ್ಲಬೇಕು, ಇನ್ನೊಂದು ಶುರುವಾಗಬೇಕು. ಕೊನೆಯ ಸ್ಯಾಂಪಲ್ ಹೊರಬಿದ್ದ ಮೇಲೆ ಪ್ರೋಗ್ರಾಮಿಗೆ ತಿಳಿಸುವ ಫ್ಲಶ್ ಸೌಲಭ್ಯ ಲೈಬ್ರರಿಯ ಹೊಸ ಆವೃತ್ತಿಗಳಲ್ಲಿದೆ. ಬಾಲ ಕತ್ತರಿಸುವ ಕಾಯಿಲೆಗೆ ಅದು ಒಳ್ಳೆಯ ಮದ್ದು, ಹಳೆಯ ಆವೃತ್ತಿ ಇಟ್ಟುಕೊಂಡವರು ಅಪ್‌ಡೇಟ್ ಮಾಡಿಕೊಳ್ಳಿ. 1 ಮೆಗಾಹರ್ಟ್ಸ್‌ನಿಂದ 6 ಗಿಗಾಹರ್ಟ್ಸ್‌ವರೆಗೆ ಕೈಚಾಚುವ ಇಂಥ ಬೋರ್ಡು ಕಲಿಕೆಗೆ ಬೇಕೇ ಬೇಕು ಎನ್ನುತ್ತೇನೆ. ಪಟಪಟನೆ ಹೊರಳುವ ಕೆಲಸಕ್ಕೆ ಮಾತ್ರ ಬೇಡ.

ಬೋರ್ಡಿನ ಗಡಿಯಾರಕ್ಕೆ ಕೊಟ್ಟರೆ

ಇಲ್ಲಿ ಲೆಕ್ಕವೇ ಬೇರೆ. ಬೋರ್ಡು ಒಳಬಂದ ಪ್ರತಿ ಸ್ಯಾಂಪಲ್ಲನ್ನೂ ಎಣಿಸುತ್ತದೆ, ಆ ಎಣಿಕೆಯೇ ಗಡಿಯಾರ. "ಇಷ್ಟನೇ ಟಿಕ್‌ಗೆ ಈ ಬರ್ಸ್ಟ್ ಕಳಿಸು" (ಬರ್ಸ್ಟ್ ಎಂದರೆ ಒಂದೇ ಸಲಕ್ಕೆ ಕಳಿಸುವ ತುಣುಕು) ಎಂದು ಮೊದಲೇ ಹೇಳಿ ಸ್ಯಾಂಪಲ್‌ಗಳನ್ನು ಒಪ್ಪಿಸಿದರೆ ಎಫ್‌ಪಿಜಿಎ ಅವನ್ನು ಹಿಡಿದಿಟ್ಟುಕೊಂಡು ಆ ಟಿಕ್‌ಗೇ ಬಿಡುತ್ತದೆ. ಯುಎಸ್‌ಬಿ ತಡವಾದರೂ ಏರಿಳಿದರೂ ಫಲಿತಾಂಶಕ್ಕೆ ತಟ್ಟುವುದಿಲ್ಲ, ಸಾಕಷ್ಟು ಮುಂಚೆ ಒಪ್ಪಿಸಿದ್ದರೆ ಆಯಿತು.

ಯುಎಸ್‌ಆರ್‌ಪಿ ಬಿ200 ಮತ್ತು ಬಿ210 ಈ ವಿಷಯದಲ್ಲಿ ಪಳಗಿದ ಕೈ. 70 ಮೆಗಾಹರ್ಟ್ಸ್‌ನಿಂದ 6 ಗಿಗಾಹರ್ಟ್ಸ್. ಗ್ನೂ ರೇಡಿಯೊದಲ್ಲಿ ಬರ್ಸ್ಟ್ ಆರಂಭ, ಬರ್ಸ್ಟ್ ಅಂತ್ಯ, ಕಳಿಸುವ ಸಮಯ ಎಂಬ ಟ್ಯಾಗುಗಳನ್ನು ಸ್ಯಾಂಪಲ್‌ಗೇ ಅಂಟಿಸಬಹುದು. ಇದರ ಜೊತೆ ಎಟಿಆರ್ ಎಂಬ ಯಂತ್ರಾಂಶ ಸೌಲಭ್ಯ ಇದೆ: ಸುಮ್ಮನಿರುವಾಗ, ಕೇಳುವಾಗ, ಕಳಿಸುವಾಗ, ಎರಡೂ ನಡೆಯುವಾಗ, ಹೀಗೆ ನಾಲ್ಕು ಸ್ಥಿತಿಗೂ ಜಿಪಿಐಒ ಪಿನ್ನುಗಳು ಹೇಗಿರಬೇಕು ಎಂದು ಒಮ್ಮೆ ಬರೆದಿಟ್ಟರೆ ಎಫ್‌ಪಿಜಿಎ ತಾನೇ ಹೊರಳಿಸುತ್ತದೆ. ಅಂತ್ಯದ ಟ್ಯಾಗ್ ಹಾಕಲು ಮರೆತರೆ ಅದು ಇನ್ನೂ ಸ್ಯಾಂಪಲ್ ಬರುತ್ತದೆಂದು ಕಾದು ಟರ್ಮಿನಲ್ಲಿನಲ್ಲಿ "ಯು" ಅಕ್ಷರ ಸುರಿಯುತ್ತದೆ. "ಎಲ್" ಕಂಡರೆ ನೀವು ತಡವಾಗಿ ಒಪ್ಪಿಸಿದಿರಿ ಎಂದರ್ಥ.

ರಿಲೇ ಎಳೆಯುವ ಹೊತ್ತನ್ನು ಹೊಂದಿಸಲು ಇಲ್ಲೊಂದು ಸರಳ ಉಪಾಯ. ಪಿನ್ ಹೊರಳುವುದು ಬರ್ಸ್ಟಿನ ಮೊದಲ ಸ್ಯಾಂಪಲ್ ಬಂದಾಗ. ಆದ್ದರಿಂದ ಸಂದೇಶದ ಮುಂದೆ ಬರೀ ಸೊನ್ನೆಗಳನ್ನು ತುಂಬಿ. ಸೆಕೆಂಡಿಗೆ 10 ಲಕ್ಷ ಸ್ಯಾಂಪಲ್ ದರದಲ್ಲಿ 20,000 ಸೊನ್ನೆ ಎಂದರೆ ಸರಿಯಾಗಿ 20 ಮಿಲಿಸೆಕೆಂಡ್ ಮೌನ, ಅಷ್ಟರಲ್ಲಿ ರಿಲೇ ಎಳೆದು ಪುಟಿದು ನಿಂತಿರುತ್ತದೆ. ಬಾಲಕ್ಕೂ ಸ್ವಲ್ಪ ಸೊನ್ನೆ ಸೇರಿಸಿ. ಈ ಉಪಾಯ ಹ್ಯಾಕ್‌ಆರ್‌ಎಫ್ ಸೇರಿ ಎಲ್ಲ ಬೋರ್ಡಿಗೂ ನಡೆಯುತ್ತದೆ, ಖರ್ಚೂ ಇಲ್ಲ.

ಬ್ಲೇಡ್‌ಆರ್‌ಎಫ್ 2.0 ಮೈಕ್ರೊ ಮತ್ತು ಲೈಮ್‌ಎಸ್‌ಡಿಆರ್ ಎರಡರಲ್ಲೂ ಟೈಮ್‌ಸ್ಟ್ಯಾಂಪ್ ಇದೆ. ಮೊದಲನೆಯದು 47 ಮೆಗಾಹರ್ಟ್ಸ್‌ನಿಂದ 6 ಗಿಗಾಹರ್ಟ್ಸ್, ಎರಡನೆಯದು 100 ಕಿಲೋಹರ್ಟ್ಸ್‌ನಿಂದ 3.8 ಗಿಗಾಹರ್ಟ್ಸ್. ಹೊರಗಿನ ರಿಲೇ ಪಿನ್ನನ್ನು ತಾನಾಗಿ ಹೊರಳಿಸುವ ವಿಷಯದಲ್ಲಿ ಯುಎಸ್‌ಆರ್‌ಪಿಯಷ್ಟು ಸಿದ್ಧ ಅಡುಗೆ ಇವುಗಳಲ್ಲಿ ಸಿಗದು, ಕೈಕೆಲಸ ಬೇಕು.

ಪ್ಲೂಟೊ ನಡುವಿನ ಪ್ರಾಣಿ. 325 ಮೆಗಾಹರ್ಟ್ಸ್‌ನಿಂದ 3.8 ಗಿಗಾಹರ್ಟ್ಸ್, ಕಳಿಸಲು ಕೇಳಲು ಬೇರೆಬೇರೆ ಕನೆಕ್ಟರ್, ಎರಡೂ ಏಕಕಾಲಕ್ಕೆ ನಡೆಯುತ್ತವೆ. ಹಾಗಾಗಿ ಹ್ಯಾಕ್‌ಆರ್‌ಎಫ್‌ನಂತೆ ಸ್ಟ್ರೀಮ್ ನಿಲ್ಲಿಸಿ ಶುರುಮಾಡುವ ಗೋಜಿಲ್ಲ. ಆದರೆ ಏನೂ ಕಳಿಸದಿದ್ದಾಗಲೂ ಕಳಿಸುವ ಕಡೆಯ ಆಸಿಲೇಟರ್ ಸ್ವಲ್ಪ ಸೋರುತ್ತಿರುತ್ತದೆ. ಅದೇ ಫ್ರೀಕ್ವೆನ್ಸಿಯಲ್ಲಿ ಕೇಳಲು ಕೂತರೆ ನಟ್ಟನಡುವೆ ಒಂದು ಮೊಳೆ ಎದ್ದು ನಿಲ್ಲುತ್ತದೆ. ಕೇಳುವಾಗ ಆ ಆಸಿಲೇಟರನ್ನು ಪವರ್‌ಡೌನ್ ಮಾಡುವ ಸೆಟ್ಟಿಂಗ್ ಡ್ರೈವರಿನಲ್ಲಿದೆ, ಬಳಸಿ. ಇದರ ಚಿಪ್ಪಿಗೆ ಕಳಿಸುವ-ಕೇಳುವ ಸ್ಥಿತಿಯನ್ನು ಹಿಂಬಾಲಿಸಿ ಏರಿಳಿಯುವ ಪಿನ್ನುಗಳೂ ಇವೆ. ಅವು ರಿಲೇ ಎಳೆಯುವಷ್ಟು ಗಟ್ಟಿಯಲ್ಲ, ನಡುವೆ ಟ್ರಾನ್ಸಿಸ್ಟರ್ ಬೇಕು. ಬೋರ್ಡಿನ ಒಳಗೇ ಕೇಳುವ-ಕಳಿಸುವ ಸರದಿ ನಡೆಸುವ ಟಿಡಿಡಿ ಎಂಜಿನ್ ಕೂಡ ಫರ್ಮ್‌ವೇರಿನಲ್ಲಿ ಬಂದಿದೆ, ಅನಲಾಗ್ ಡಿವೈಸಸ್‌ನವರ ಫೇಸರ್ ರೇಡಾರ್ ಕಿಟ್ ಪ್ಲೂಟೊವನ್ನು ನಡೆಸುವುದು ಹೀಗೆಯೇ. ಒಂದಿಷ್ಟು ದಿನ ಕೂತು ಕಲಿಯುವ ತಾಳ್ಮೆ ಇದ್ದವರಿಗೆ ದುಡ್ಡಿಗೆ ತಕ್ಕ ಬೋರ್ಡು.

ಎಚ್‌ಎಫ್ ಬ್ಯಾಂಡಿನಲ್ಲಷ್ಟೇ ಆಸಕ್ತಿ ಇರುವ ಹ್ಯಾಮ್‌ಗೆ ಮೇಲಿನ ಯಾವುದೂ ಬೇಡ, ಹರ್ಮಿಸ್ ಲೈಟ್ 2 ಸಾಕು. 5 ವ್ಯಾಟ್, ಈಥರ್‌ನೆಟ್ ಸಂಪರ್ಕ, ಮೋರ್ಸ್ ಕೀಲಿಯನ್ನು ನೇರ ಪೆಟ್ಟಿಗೆಗೇ ಚುಚ್ಚಬಹುದು. ಡಿಟ್ ಹುಟ್ಟುವುದು ಎಫ್‌ಪಿಜಿಎ ಒಳಗೆ, ಕಂಪ್ಯೂಟರ್ ಸುಮ್ಮನೆ ನೋಡುತ್ತಿರುತ್ತದೆ. ಕಳಿಸುವ ಬಫರಿನ ತಡ ಎಷ್ಟು, ಪಿಟಿಟಿ ಎಷ್ಟು ಹೊತ್ತು ಹಿಡಿದಿರಬೇಕು ಎಂಬೆರಡನ್ನೂ ಮಿಲಿಸೆಕೆಂಡಿನಲ್ಲಿ ಹೇಳಬಹುದು.

ಬೋರ್ಡಿನ ಗಡಿಯಾರವೂ ದೇವರಲ್ಲ. ಹ್ಯಾಕ್‌ಆರ್‌ಎಫ್‌ನ ಸ್ಫಟಿಕಕ್ಕೆ ಹತ್ತು ಲಕ್ಷಕ್ಕೆ 20ರ ತಪ್ಪು ಇರಬಹುದು, ಅಂದರೆ ಗಂಟೆಗೆ 72 ಮಿಲಿಸೆಕೆಂಡ್. ಬಿ200ರದ್ದು 2, ಗಂಟೆಗೆ 7 ಮಿಲಿಸೆಕೆಂಡ್. ಎರಡು ಊರಿನ ಸ್ಟೇಷನ್ನುಗಳು ಗಡಿಯಾರ ನೋಡಿ ಸರದಿ ಹಂಚಿಕೊಳ್ಳುವುದಾದರೆ ಜಿಪಿಎಸ್‌ನ ಸೆಕೆಂಡಿನ ಮಿಡಿತಕ್ಕೆ ಆಗಾಗ ಹೊಂದಿಸಿಕೊಳ್ಳಲೇಬೇಕು. ತರಂಗ ಸಾಗುವ ಹೊತ್ತನ್ನು ಮರೆತುಬಿಡಿ, 300 ಕಿಲೋಮೀಟರಿಗೆ 1 ಮಿಲಿಸೆಕೆಂಡ್.

ತರಂಗ ಕಂಡೊಡನೆ ಹೊರಳುವ ಸ್ವಿಚ್

ಪಿಟಿಟಿ ತಂತಿಯೇ ಬೇಡ, ಕಳಿಸುವ ಶಕ್ತಿಯನ್ನು ಡಯೋಡಿನಿಂದ ಗುರುತಿಸಿ ತಾನೇ ಹೊರಳುವ ಆಂಪ್ಲಿಫೈಯರುಗಳು ಸಿಗುತ್ತವೆ. ವೈಫೈ ಬೂಸ್ಟರುಗಳಲ್ಲಿ ಇದು ಸೊಗಸಾಗಿ ನಡೆಯುತ್ತದೆ, ಅಲ್ಲಿ ಸ್ವಿಚ್ಚು ಅರೆವಾಹಕದ್ದು. ರಿಲೇ ಇರುವ ಪೆಟ್ಟಿಗೆಯಲ್ಲಿ ಇದನ್ನು ನಾನು ಒಪ್ಪುವುದಿಲ್ಲ. ಶಕ್ತಿ ಆಗಲೇ ಹರಿಯುತ್ತಿರುವಾಗ ಸಂಪರ್ಕ ಹೊರಳುತ್ತದೆ, ಪ್ರತಿ ಸಲ ಸಣ್ಣ ಕಿಡಿ, ಕೆಲವು ತಿಂಗಳಿಗೆ ಸಂಪರ್ಕ ಕಪ್ಪಾಗುತ್ತದೆ. ಎಸ್‌ಎಸ್‌ಬಿಯಲ್ಲಿ ಮಾತಿನ ನಡುವಿನ ಮೌನಕ್ಕೆಲ್ಲ ಟಕಟಕ ಎನ್ನುತ್ತದೆ. ಮೇಲಾಗಿ ಪ್ಲೂಟೊದ ಕೆಲವೇ ಮಿಲಿವ್ಯಾಟನ್ನು ಇಂಥ ಡಿಟೆಕ್ಟರುಗಳು ಎಷ್ಟೋ ಸಲ ಗಮನಿಸುವುದೇ ಇಲ್ಲ.

ಸೀಕ್ವೆನ್ಸರ್: ಯಾವುದನ್ನು ಆರಿಸಿದರೂ ಇದು ಬೇಕು

ರೈಲ್ವೆ ಗೇಟಿನಲ್ಲಿ ನಿಂತವರಿಗೆ ಗೊತ್ತು, ಗೇಟು ಬಿದ್ದು ಬೀಗವಾಗುವವರೆಗೆ ರೈಲಿಗೆ ಸಿಗ್ನಲ್ ಸಿಗುವುದಿಲ್ಲ. ಸೀಕ್ವೆನ್ಸರ್ ಮಾಡುವುದೂ ಇದನ್ನೇ. ಮೊದಲು ಕೇಳುವ ಕಡೆಯ ಎಲ್‌ಎನ್‌ಎಯನ್ನು (ಕ್ಷೀಣ ಸಿಗ್ನಲ್ ಹಿಗ್ಗಿಸುವ ನಾಜೂಕಾದ ಆಂಪ್ಲಿಫೈಯರ್) ಆಫ್ ಮಾಡಿ ಬೇರ್ಪಡಿಸಬೇಕು, ಆಮೇಲೆ ಆಂಟೆನಾ ರಿಲೇ, ಅದು ನಿಂತ ಮೇಲೆ ಪವರ್ ಆಂಪ್ಲಿಫೈಯರಿಗೆ ಬಯಾಸ್ (ಅದನ್ನು ಸಿದ್ಧಗೊಳಿಸುವ ವೋಲ್ಟೇಜ್), ಎಲ್ಲಕ್ಕೂ ಕೊನೆಗೆ ಡ್ರೈವ್, ಅಂದರೆ ಬೋರ್ಡಿನ ಸಿಗ್ನಲ್. ವಾಪಸು ಬರುವಾಗ ಇದೇ ಸಾಲು ಹಿಮ್ಮುಖ.

ಇಷ್ಟೊಂದು ಕಟ್ಟುನಿಟ್ಟು ಏಕೆಂದರೆ, ಹ್ಯಾಕ್‌ಆರ್‌ಎಫ್‌ನ ಕಿವಿ ತಾಳುವುದು ಹೆಚ್ಚೆಂದರೆ ಮೈನಸ್ 5 ಡಿಬಿಎಂ (ರೇಡಿಯೊ ಶಕ್ತಿಯ ಅಳತೆ). 5 ವ್ಯಾಟ್ ಎಂದರೆ 37 ಡಿಬಿಎಂ. ನಡುವೆ ಕನಿಷ್ಠ 42 ಡಿಬಿ ತಡೆ ಬೇಕು, 50 ವ್ಯಾಟ್ ಆದರೆ 52. ಬೋರ್ಡ್ ಮೇಲಿನ ಸಾಮಾನ್ಯ ರಿಲೇಯ ತಡೆ ಫ್ರೀಕ್ವೆನ್ಸಿ ಏರಿದಂತೆಲ್ಲ ಇಳಿಯುತ್ತದೆ. ವಿಎಚ್‌ಎಫ್ ದಾಟಿದ ಮೇಲೆ ಅದೊಂದನ್ನೇ ನಂಬಬೇಡಿ. ಕೇಳುವ ಕಡೆಗೆ ಎರಡನೇ ರಿಲೇ ಇಟ್ಟು, ಕಳಿಸುವಾಗ ಅದನ್ನು 50 ಓಮ್ ರೆಸಿಸ್ಟರಿಗೆ ಹೊರಳಿಸಿದರೆ ನೆಮ್ಮದಿ.

ಒಂದು ಆರ್ಡುಯಿನೊ ನ್ಯಾನೊ, ರಿಲೇಗಳನ್ನು ಎಳೆಯಲು ಒಂದು ಯುಎಲ್‌ಎನ್2003 ಚಿಪ್ಪು, ಮೂರು ನಾಲ್ಕು ರಿಲೇ. ಪಿಟಿಟಿ ಬಂತೆಂದರೆ ಹೆಜ್ಜೆಗೊಮ್ಮೆ 15 ಮಿಲಿಸೆಕೆಂಡ್ ಬಿಟ್ಟು ಮುಂದಿನದು. ಈ ಆರ್ಡುಯಿನೊದಲ್ಲಿ ಬೇರೆ ಯಾವ ಕೆಲಸವೂ ಓಡುವುದಿಲ್ಲ, ಆದ್ದರಿಂದ ಏರಿಳಿತವೂ ಇಲ್ಲ. ಕರೆಂಟ್ ಹೋದರೆ ಏನಾಗಬೇಕು ಎಂಬುದನ್ನೂ ವೈರಿಂಗ್ ಮಾಡುವಾಗಲೇ ತೀರ್ಮಾನಿಸಿ: ಕಾಯಿಲ್‌ಗೆ ವಿದ್ಯುತ್ ಇಲ್ಲದಾಗ ಆಂಪ್ಲಿಫೈಯರಿಗೆ ಬಯಾಸ್ ಇರಬಾರದು, ಎಲ್‌ಎನ್‌ಎ ಆಂಟೆನಾದಿಂದ ದೂರ ಇರಬೇಕು. ಬೇಸಿಗೆಯಲ್ಲಿ ಸಂಜೆ ಹೊತ್ತು ಕರೆಂಟ್ ಕಣ್ಣು ಮಿಟುಕಿಸುವ ಊರಿನಲ್ಲಿ ಇದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಕ್ರಾಸ್‌ಬ್ಯಾಂಡ್ ಕೆಲಸ (ಒಂದು ಬ್ಯಾಂಡಿನಲ್ಲಿ ಕೇಳಿ ಇನ್ನೊಂದರಲ್ಲಿ ಕಳಿಸುವುದು) ಮಾಡುವವರು, ಎರಡು ಆಂಟೆನಾ ದೂರದೂರ ಇಡುವಷ್ಟು ಮಾಳಿಗೆ ಇರುವವರು ಸ್ವಿಚ್ಚನ್ನೇ ಬಿಟ್ಟುಬಿಡಬಹುದು. ಪ್ಲೂಟೊದಂಥ ಪೂರ್ಣ ಡ್ಯೂಪ್ಲೆಕ್ಸ್ ಬೋರ್ಡು, ಒಳ್ಳೆಯ ಫಿಲ್ಟರು, ಮುಗಿಯಿತು.

ಕೊಳ್ಳುವ ಮೊದಲು, ಕೊಂಡ ಮೇಲೆ: ಅಳೆಯಿರಿ

ಎರಡು ಚಾನೆಲ್ಲಿನ ಆಸಿಲೋಸ್ಕೋಪ್ ಕಾಲೇಜಿನ ಲ್ಯಾಬಿನಲ್ಲಿ ಇದ್ದೇ ಇರುತ್ತದೆ. ಒಂದು ಚಾನೆಲ್ ಪಿಟಿಟಿ ಗೆರೆಗೆ, ಇನ್ನೊಂದು ಆಂಟೆನಾ ಬದಲಿಗೆ ಹಾಕುವ ಡಮ್ಮಿ ಲೋಡಿನ ಪಕ್ಕದ ಡಯೋಡ್ ಡಿಟೆಕ್ಟರಿಗೆ. ಪಿಟಿಟಿ ಏರಿದ್ದಕ್ಕೂ ತರಂಗ ಎದ್ದದ್ದಕ್ಕೂ ನಡುವಿನ ಅಂತರ ಕಣ್ಣೆದುರೇ ಬರುತ್ತದೆ. ಪರ್ಸಿಸ್ಟೆನ್ಸ್ ಹಾಕಿ ಬಿಟ್ಟರೆ ಗೆರೆ ಎಷ್ಟು ದಪ್ಪವಾಯಿತು ಎಂಬುದೇ ಏರಿಳಿತ. ಅಳೆಯುವಾಗ ಅದೇ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು ಒಂದು ವಿಡಿಯೊ ಓಡಿಸಿ, ನಿಜವಾದ ಬಣ್ಣ ಆಗ ಗೊತ್ತಾಗುತ್ತದೆ.

ಸ್ಕೋಪ್ ಇಲ್ಲದವರಿಗೆ ಆರ್‌ಟಿಎಲ್-ಎಸ್‌ಡಿಆರ್. ಅದರಲ್ಲಿ ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ ದರದಲ್ಲಿ ರೆಕಾರ್ಡ್ ಮಾಡಿಕೊಂಡು ತೆರೆದು ನೋಡಿದರೆ 1 ಮಿಲಿಸೆಕೆಂಡ್ ಎಂದರೆ 2400 ಸ್ಯಾಂಪಲ್. ಬರ್ಸ್ಟಿನ ತಲೆ ಎಲ್ಲಿ, ಬಾಲ ಎಲ್ಲಿ, ನಡುವೆ ರಿಲೇ ಪುಟಿದಿದೆಯೇ ಎಂಬುದೆಲ್ಲ ಎಣಿಸಿ ಹೇಳಬಹುದು. ಹ್ಯಾಮ್ ಲೈಸೆನ್ಸ್ ಇನ್ನೂ ಬಾರದ ವಿದ್ಯಾರ್ಥಿಗಳು ಆಂಟೆನಾ ಹಾಕಲೇಬೇಡಿ, ಕೇಬಲ್ ಮತ್ತು 40–60 ಡಿಬಿ ಅಟೆನ್ಯುಯೇಟರ್ ಮೂಲಕವೇ ಕಳಿಸುವ ಬೋರ್ಡನ್ನು ಕೇಳುವ ಬೋರ್ಡಿಗೆ ಜೋಡಿಸಿ. ಅಳತೆಯೂ ಹಾಗೆಯೇ ಸ್ವಚ್ಛ.

ಹಾಗಾದರೆ ಯಾವುದು?

ಎಫ್‌ಟಿ8, ಕಲಿಕೆ, ಒಮ್ಮೊಮ್ಮೆ ಒಂದು ಪ್ಯಾಕೆಟ್: ಹ್ಯಾಕ್‌ಆರ್‌ಎಫ್, ಕಂಪ್ಯೂಟರ್ ಪಿಟಿಟಿ, ಸೀಕ್ವೆನ್ಸರ್. ಹೆಚ್ಚಿಗೆ ಸುರಿಯಬೇಡಿ. 7 ಮೆಗಾಹರ್ಟ್ಸ್‌ನಲ್ಲಿ ಮೋರ್ಸ್ ಮತ್ತು ಮಾತು: ಹರ್ಮಿಸ್ ಲೈಟ್ 2, ಎರಡನೇ ಯೋಚನೆ ಬೇಡ. ಸ್ಲಾಟ್ ಹಂಚಿಕೊಳ್ಳುವ ಜಾಲ ಅಥವಾ ಲೋರಾವಾನ್ ಉತ್ತರ ಕಟ್ಟಬೇಕೆಂಬ ಪ್ರಾಜೆಕ್ಟ್ ತಂಡಕ್ಕೆ ವಿಭಾಗದಿಂದ ದುಡ್ಡು ಸಿಗುವುದಾದರೆ ಬಿ200, ಸ್ವಂತ ಜೇಬಿನಿಂದಾದರೆ ಬ್ಲೇಡ್‌ಆರ್‌ಎಫ್ ಅಥವಾ ಲೈಮ್. ಪ್ಲೂಟೊ ಆಗಲೇ ಇದ್ದರೆ ಮಾರಬೇಡಿ, ಟಿಡಿಡಿ ಎಂಜಿನ್ ಕಲಿಯಿರಿ.

ನದಿ ದಂಡೆಯ ಪ್ಯಾಕೆಟ್ ಜಾಲಕ್ಕೆ ಮಾತ್ರ ನನ್ನ ಸಲಹೆ ಕೇಳಿದವರಿಗೆ ಸ್ವಲ್ಪ ಬೇಸರವಾಗಬಹುದು: ಪ್ರತಿ ಊರಿಗೂ ಎಸ್‌ಡಿಆರ್ ಬೇಡ. ಅಣೆಕಟ್ಟೆಯ ಬದಿಯ ಒಂದು ಮುಖ್ಯ ಸ್ಟೇಷನ್ನಿಗೆ ಟೈಮ್‌ಸ್ಟ್ಯಾಂಪ್ ಇರುವ ಬೋರ್ಡು ಇಟ್ಟು, ಉಳಿದ ಕಡೆ ಸಾಧಾರಣ ಎಫ್‌ಎಂ ಸೆಟ್ ಮತ್ತು ಟಿಎನ್‌ಸಿ (ಪ್ಯಾಕೆಟ್ ಮೋಡೆಮ್) ಸಾಕು. ಸ್ಥಾಪಿಸುವ ದಿನ ಪ್ರತಿ ಸೆಟ್ಟಿನ ಹೊರಳುವ ಹೊತ್ತನ್ನು ಆರ್‌ಟಿಎಲ್ ಇಟ್ಟು ಅಳೆದು, ಆ ಅಂಕಿಯ ಮೇಲೆ 20 ಮಿಲಿಸೆಕೆಂಡ್ ಕೂಡಿಸಿ ಅದನ್ನೇ ಆ ಊರಿನ ಟಿಎಕ್ಸ್‌ಡಿಲೇಗೆ ಹಾಕಿ. ಹೊರಳುವ ಹೊತ್ತು ಸೆಟ್ಟಿನಿಂದ ಸೆಟ್ಟಿಗೆ ಬೇರೆ ಇರುತ್ತದೆ, ಆದ್ದರಿಂದ ಎಲ್ಲರಿಗೂ ಒಂದೇ ಅಂಕಿ ಹಂಚಬೇಡಿ. ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಆ ಅಂಕಿಯನ್ನು ಮಾರ್ಕರಿನಲ್ಲಿ ಬರೆದಿಡಿ, ಸೆಟ್ಟು ಬದಲಿಸಿದ ದಿನ ಮತ್ತೆ ಅಳೆಯಬೇಕಾಗುತ್ತದೆ.